ಪಾಯಿಂಟ್ ನಾಲ್ಕು ಸೆಕೆಂಡಿನ ಜಗಳ, ಹದಿಮೂರು ಸೆಕೆಂಡಿನ ಟ್ರ್ಯಾಕ್ಟರ್

2021ರ ಮಾರ್ಚ್‌ನಲ್ಲಿ ಎರಡು ಜರ್ಮನ್ ಕಾರುಗಳು ಒಂದರ ಬೆನ್ನಿಗೊಂದು ಭಾರತದ ಮಾರುಕಟ್ಟೆಗೆ ಇಳಿದವು. ಮೊದಲು ಬಂದದ್ದು ಬಿಎಂಡಬ್ಲ್ಯು ಎಂ340ಐ, ಆಮೇಲೆ ಆಡಿ ಎಸ್5 ಸ್ಪೋರ್ಟ್‌ಬ್ಯಾಕ್. ಎರಡರಲ್ಲೂ ಮೂರು ಲೀಟರಿನ, ಆರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. ಎರಡರಲ್ಲೂ ನಾಲ್ಕು ಚಕ್ರಕ್ಕೂ ಬಲ ಹಂಚಿಕೆ. ಎರಡರ ಟಾರ್ಕೂ 500 ನ್ಯೂಟನ್ ಮೀಟರ್. ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಇಬ್ಬರಿಗೂ ಒಂದೇ ಕಡೆಯಿಂದ, ಜರ್ಮನಿಯ ಜೆಡ್‌ಎಫ್ ಕಂಪನಿಯಿಂದ. ಅಣ್ಣ ತಮ್ಮಂದಿರಂತಿರುವ ಇವುಗಳ ನಡುವೆ ಜಗಳಕ್ಕೆ ಉಳಿದಿರುವುದು ಒಂದೇ ಅಂಕಿ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಬಿಎಂಡಬ್ಲ್ಯುಗೆ 4.4 ಸೆಕೆಂಡು ಸಾಕು, ಆಡಿಗೆ 4.8 ಬೇಕು. ಕಂಪನಿಗಳೇ ಹೇಳಿಕೊಂಡ ಲೆಕ್ಕವಿದು.

ಈ 0.4 ಸೆಕೆಂಡಿನ ಮೇಲೆ ಯುವಕರು ಗಂಟೆಗಟ್ಟಲೆ ವಾದಿಸುತ್ತಾರೆ. ಬೆಂಗಳೂರಿನ ಶೋರೂಮಿನಲ್ಲಷ್ಟೇ ವಾದ ನಡೆಯುತ್ತದೆ ಎಂದುಕೊಳ್ಳಬೇಡಿ. ಕೊಡಗಿಗೆ ಹೋಗುವ ವಾರಾಂತ್ಯದ ಕಾರುಗಳು ಹುಣಸೂರು, ಪಿರಿಯಾಪಟ್ಟಣದ ಟೀ ಅಂಗಡಿಗಳ ಮುಂದೆ ನಿಂತಾಗ ಅವುಗಳನ್ನು ಸುತ್ತುವರಿಯುವ ಹುಣಸೂರು ನೋಂದಣಿಯ ಕೆಎ-45 ಬೈಕುಗಳ ಹುಡುಗರಿಗೂ ಈ ಅಂಕಿ ಬಾಯಿಪಾಠ. ಯಾವ ಕಾರಿಗೆ ಪಿಕಪ್ ಜಾಸ್ತಿ ಎಂಬುದನ್ನು ಅವರು ಕಾರಿನ ಮಾಲೀಕನಿಗೇ ಹೇಳಿಕೊಡಬಲ್ಲರು.

ಹಾಗಾದರೆ ಗೆದ್ದದ್ದು ಯಾರು? ಕಾಗದದ ಮೇಲೆ ಬಿಎಂಡಬ್ಲ್ಯು, ಅದರಲ್ಲಿ ಅನುಮಾನ ಬೇಡ. ಬಂದಾಗ ಅದರ ಎಂಜಿನ್ 387 ಅಶ್ವಶಕ್ತಿಯದು, ಆಡಿಯದು 354. ಚೆನ್ನೈನಲ್ಲೇ ಜೋಡಣೆಯಾಗುವ ಎಂ340ಐ ಬೆಲೆ ಆಗ 62.90 ಲಕ್ಷ ರೂಪಾಯಿ. ಇಡಿಯಾಗಿ ಆಮದಾಗಿ ಬಂದ ಎಸ್5ಗೆ 79.06 ಲಕ್ಷ. ಹದಿನಾರು ಲಕ್ಷ ಹೆಚ್ಚು ತೆತ್ತವನು 0.4 ಸೆಕೆಂಡು ಹಿಂದೆ ಉಳಿಯುತ್ತಾನೆ ಎಂದು ಬಿಎಂಡಬ್ಲ್ಯು ಕಡೆಯವರು ನಕ್ಕರೆ ತಪ್ಪೇನಿಲ್ಲ. ತಮಾಷೆಯೆಂದರೆ, 2022ರ ಕೊನೆಯಲ್ಲಿ ಬಂದ ಪರಿಷ್ಕೃತ ಎಂ340ಐಯಲ್ಲಿ ಅಶ್ವಶಕ್ತಿ 374ಕ್ಕೆ ಇಳಿಯಿತು, ಸೆಕೆಂಡು ಮಾತ್ರ 4.4ರಲ್ಲೇ ನಿಂತಿತು. ಅಂದರೆ ಪಿಕಪ್ ಎಂಬುದು ಬರೀ ಅಶ್ವಶಕ್ತಿಯ ಮಾತಲ್ಲ. ಟೈರಿನ ಹಿಡಿತ, ಗೇರ್ ಬದಲಾಗುವ ಚುರುಕು, ಹೊರಡುವ ಕ್ಷಣದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು, ಎಲ್ಲ ಸೇರಿ ಆ ಅಂಕಿ ಹುಟ್ಟುತ್ತದೆ.

ಆ ಅಂಕಿಯನ್ನು ಅಳೆಯುವ ರೀತಿಯಲ್ಲೂ ಒಂದು ಚಮತ್ಕಾರವಿದೆ. ಅಮೆರಿಕದ ಪತ್ರಿಕೆಗಳು ಅಳೆಯುವುದು ಸೊನ್ನೆಯಿಂದ 60 ಮೈಲಿಗೆ. ಅದು ನಮ್ಮ ಲೆಕ್ಕದಲ್ಲಿ 96.6 ಕಿಲೋಮೀಟರ್, ನೂರಲ್ಲ. ಅದೂ ಸಾಲದೆಂಬಂತೆ, ಕಾರು ಮೊದಲ ಒಂದು ಅಡಿ ಉರುಳಿದ ಮೇಲೆಯೇ ಗಡಿಯಾರ ಶುರು ಮಾಡುವ ರೂಢಿ ಅಲ್ಲಿದೆ. ಡ್ರ್ಯಾಗ್ ರೇಸಿನ ಕಣದಲ್ಲಿ ಚಕ್ರ ಬೆಳಕಿನ ಕಿರಣವನ್ನು ದಾಟಿದಾಗ ಸಮಯ ಎಣಿಸಲು ತೊಡಗುವ ಪದ್ಧತಿಯಿಂದ ಬಂದದ್ದು ಅದು. ಆ ಒಂದು ಅಡಿಯ ರಿಯಾಯಿತಿಯಲ್ಲಿ ಸೆಕೆಂಡಿನ ಕಾಲು ಭಾಗದಷ್ಟು ಸಮಯ ಮಾಯವಾಗುತ್ತದೆ. ಇದೇ ಎಂ340ಐ ಅಲ್ಲಿನ ಪರೀಕ್ಷೆಯಲ್ಲಿ ನಾಲ್ಕು ಸೆಕೆಂಡಿಗೂ ಕಡಿಮೆ ತೋರಿಸಿದ್ದುಂಟು. ಇಲ್ಲಿ ನಮ್ಮ ಹುಡುಗರು ಕಾದಾಡುವ 0.4 ಸೆಕೆಂಡು, ಅಳತೆಗೋಲು ಬದಲಾಯಿಸಿದರೆ ಹುಟ್ಟುವ, ಕರಗುವ ವ್ಯತ್ಯಾಸಕ್ಕಿಂತ ಬಹಳ ದೊಡ್ಡದೇನಲ್ಲ.

ಪೆಟ್ರೋಲಿನ ಕಥೆಯೂ ಇದೆ. ಜರ್ಮನ್ ಕಂಪನಿಗಳು ಇಂಥ ಎಂಜಿನ್‌ಗಳ ಶಕ್ತಿಯನ್ನು ಹೇಳುವುದು ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದಾಗ. ಈ ಕಾರುಗಳು ಬಂದಾಗ ನಮ್ಮಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91 ಇತ್ತು. ನೂರು ಆಕ್ಟೇನಿನದು 2020ರ ಕೊನೆಯಿಂದ ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ ಸಿಗುತ್ತಿದೆ, ಆದರೆ ತಾಲ್ಲೂಕು ಕೇಂದ್ರದ ಬಂಕಿನಲ್ಲಿ ಅದನ್ನು ಕೇಳಿದರೆ ಪಂಪಿನ ಹುಡುಗ ಮುಖ ನೋಡುತ್ತಾನೆ. ಕಡಿಮೆ ಆಕ್ಟೇನ್ ಬಿದ್ದಾಗ ಎಂಜಿನ್ ಬಡಿದುಕೊಳ್ಳದಂತೆ ಅದರ ಕಂಪ್ಯೂಟರು ಕಿಡಿ ಹೊತ್ತುವ ಸಮಯವನ್ನು ತುಸು ತಡವಾಗಿಸುತ್ತದೆ, ಶಕ್ತಿ ಅಷ್ಟು ತಗ್ಗುತ್ತದೆ. ಅದರ ಮೇಲೆ ಏಪ್ರಿಲ್ ಬಿಸಿಲು, ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಮೇಲಿನ ಹಗುರ ಗಾಳಿ. ಟರ್ಬೊ ಇರುವುದರಿಂದ ಹೆಚ್ಚಿನ ನಷ್ಟವೇನೂ ಆಗದು. ಆದರೂ ಹುಣಸೂರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡ ಬಿಎಂಡಬ್ಲ್ಯುವಿಗೂ ಆಡಿಗೂ ಬ್ರೋಷರಿನ ಅಂಕಿಯೇ ಸಿಗುತ್ತದೆಂಬ ಖಾತರಿ ಯಾರೂ ಕೊಡಲಾರರು.

ಸರಳ ಲೆಕ್ಕವೊಂದನ್ನು ಮಾಡೋಣ. ಎರಡೂ ಕಾರುಗಳು ಅಕ್ಕಪಕ್ಕ ನಿಂತು ಒಟ್ಟಿಗೆ ಹೊರಟವು. ಆಡಿಯ ಮುಳ್ಳು ನೂರು ತೋರಿಸಿದ ಕ್ಷಣಕ್ಕೆ ಬಿಎಂಡಬ್ಲ್ಯು ಅದಕ್ಕಿಂತ ಸುಮಾರು ಆರು ಮೀಟರ್ ಮುಂದಿರುತ್ತದೆ, ಒಂದು ಕಾರಿನ ಉದ್ದಕ್ಕಿಂತ ಒಂದಿಷ್ಟು ಹೆಚ್ಚು. ಜಗಳವೆಲ್ಲ ಈ ಆರು ಮೀಟರಿಗೆ.

ಹುಣಸೂರು ಸೀಮೆಯ ರಸ್ತೆಗಳಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವ ಅಂತರ ಬೇರೆಯೇ. ಈ ಎರಡು ಕಾರುಗಳ ನಡುವಿನ ವ್ಯತ್ಯಾಸ ಇಲ್ಲಿ ಯಾರಿಗೂ ಲೆಕ್ಕಕ್ಕಿಲ್ಲ. ಈ ಕಾರುಗಳಿಗೂ ರಸ್ತೆಯ ಮೇಲಿರುವ ಉಳಿದ ಎಲ್ಲದಕ್ಕೂ ನಡುವೆ ಇರುವ ವ್ಯತ್ಯಾಸ ಮಾತ್ರ ಪ್ರಾಣದ ಪ್ರಶ್ನೆ.

ಹೊಗೆಸೊಪ್ಪಿನ ಹರಾಜಿನ ಕಾಲ ಬಂದಾಗ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳ ಕಡೆಗೆ ಬೇಲು ಹೇರಿದ ಟ್ರ್ಯಾಕ್ಟರುಗಳು, ಗೂಡ್ಸ್ ಆಟೊಗಳು ಬೆಳಗಿನ ಜಾವವೇ ಹೊರಡುತ್ತವೆ. ಅದಕ್ಕೂ ಮುಂಚೆ ಹಸಿ ಸೊಪ್ಪು ಕೊಯ್ದು ಒಣಗಿಸುವ ಬ್ಯಾರನ್ನಿಗೆ ಸಾಗಿಸುವ ಮಳೆಗಾಲದ ದಿನಗಳು. ನಡುವೆ ಶುಂಠಿ, ಕೆ.ಆರ್. ನಗರದ ಕಡೆಯಿಂದ ಭತ್ತ, ಕಬ್ಬು. ಟ್ರೈಲರಿನ ಹಿಂಬದಿಯ ದೀಪ ಉರಿಯುತ್ತಿದ್ದರೆ ಅದು ವಿಶೇಷ. ಕೆಂಪು ರಿಫ್ಲೆಕ್ಟರ್ ಪಟ್ಟಿಯಿದ್ದರೂ ಕೆಸರು ಮೆತ್ತಿಕೊಂಡು ಕಾಣದಾಗಿರುತ್ತದೆ. ಹೊಲದ ದಾರಿಯಿಂದ ಟಾರು ರಸ್ತೆಗೆ ಏರುವ ಕಡೆ ಮಣ್ಣಿನ ಏರಿ. ಚಾಲಕ ಒಂದನೇ ಗೇರಿಗೆ ಹಾಕಿ, ಎರಡೂ ಕಡೆ ಕತ್ತು ಹೊರಳಿಸಿ ನೋಡಿ, ಕ್ಲಚ್ ಬಿಡುತ್ತಾನೆ. ಮುಂದಿನ ಚಕ್ರ ರಸ್ತೆಗೆ ಬಂದಾಗ ಟ್ರೈಲರ್ ಇನ್ನೂ ಹೊಲದಲ್ಲೇ ಇರುತ್ತದೆ. ನಡಿಗೆಯ ವೇಗದಲ್ಲಿ ಟ್ರ್ಯಾಕ್ಟರ್, ಟ್ರೈಲರ್ ಎರಡೂ ಪೂರ್ತಿ ರಸ್ತೆ ದಾಟಲು ಹನ್ನೆರಡು, ಹದಿಮೂರು ಸೆಕೆಂಡು ಹಿಡಿಯುತ್ತದೆ.

ಹದಿಮೂರು ಸೆಕೆಂಡಿನಲ್ಲಿ ಈ ಜರ್ಮನ್ ಕಾರುಗಳು ಏನು ಮಾಡಬಲ್ಲವು? ಎರಡೂ ನಿಂತಲ್ಲಿಂದ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಹೆಚ್ಚು ಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಸುತ್ತವೆ. ಮುಗಿಸುವಾಗ ಅವುಗಳ ವೇಗ 170ರ ಆಸುಪಾಸಿನಲ್ಲಿರುತ್ತದೆ. ರೈತ ಕತ್ತು ಹೊರಳಿಸಿದಾಗ ನಾನೂರು ಮೀಟರ್ ಆಚೆ ಮರದ ನೆರಳಿನಲ್ಲಿ ನಿಂತಿದ್ದ ಕಾರು, ಅವನ ಟ್ರೈಲರ್ ಆಚೆ ದಡ ಸೇರುವ ಮುಂಚೆ ಅವನ ಮೇಲೆಯೇ ಬಂದಿರಬಹುದು. ಅವನು ನೋಡಿಯೇ ಹೊರಟಿದ್ದ, ತಪ್ಪು ಮಾಡಲಿಲ್ಲ. ನಿಂತಿರುವ ಗಾಡಿ ಇಷ್ಟು ಬೇಗ ಇಷ್ಟು ದೂರ ಬರಬಹುದೆಂಬ ಅಂದಾಜು ಅವನ ಬದುಕಿನ ಅನುಭವದಲ್ಲಿ ಇಲ್ಲ, ಅಷ್ಟೇ. ಅಂಬಾಸಿಡರ್, ಮಾರುತಿ 800, ಸರ್ಕಾರಿ ಬಸ್ಸು ನೋಡಿ ಬೆಳೆದ ಕಣ್ಣು ಅದು.

ಇಷ್ಟು ಹೇಳಿದ ಮಾತ್ರಕ್ಕೆ ಪಿಕಪ್ ಎಂಬುದೇ ಕೆಡುಕು ಎನ್ನಲಾಗದು. ಎರಡು ಪಥದ ರಸ್ತೆಯಲ್ಲಿ ಅದರ ಉಪಯೋಗ ನಿಜವಾದದ್ದು. ಇಪ್ಪತ್ತರ ವೇಗದಲ್ಲಿ ಸಾಗುವ ಟ್ರ್ಯಾಕ್ಟರನ್ನು ಹಿಂದಿಕ್ಕಲು ಎಂ340ಐಯಂಥ ಕಾರಿಗೆ ಮೂರೂವರೆ ಸೆಕೆಂಡು ಸಾಕಾದರೆ, ಸಾಮಾನ್ಯ ಸಣ್ಣ ಕಾರಿಗೆ ಆರು ಸೆಕೆಂಡಿಗೂ ಹೆಚ್ಚು ಬೇಕು. ಎದುರಿನಿಂದ 60ರ ವೇಗದಲ್ಲಿ ಬರುವ ಬಸ್ಸು ಮೊದಲನೆಯದರಲ್ಲಿ ಐವತ್ತೈದು ಮೀಟರ್ ಚಿಲ್ಲರೆ ಹತ್ತಿರ ಬಂದಿರುತ್ತದೆ, ಎರಡನೆಯದರಲ್ಲಿ ನೂರಕ್ಕೂ ಹೆಚ್ಚು. ಎದುರಿನ ಪಥದಲ್ಲಿ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಕ್ಷೇಮ. ತುಂಬಿದ ಸಂಸಾರವನ್ನು ಹೊತ್ತು ಏದುಸಿರು ಬಿಡುತ್ತ ಲಾರಿಯನ್ನು ದಾಟಲು ಹೋಗಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ಸಣ್ಣ ಕಾರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ತೊಡಕು ಬರುವುದು ಕಾರಿನಿಂದಲ್ಲ, ಕೂತವನ ಮನಸ್ಸಿನಿಂದ. ಆರು ಸೆಕೆಂಡು ಬೇಕಾದವನು ಖಾಲಿ ರಸ್ತೆಗಾಗಿ ಕಾಯುತ್ತಾನೆ. ಮೂರೂವರೆ ಸಾಕಾದವನು ಕಾಯುವುದಿಲ್ಲ, ಚಿಕ್ಕ ಸಂದಿಗೂ ನುಗ್ಗುತ್ತಾನೆ. ಉಳಿದ ಸಮಯ ಹೀಗೆ ಖರ್ಚಾಗಿಹೋಗುತ್ತದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಒಂದು ಭಾಗಕ್ಕೆ ಎಬಿಎಸ್ ಬ್ರೇಕ್ ಹಾಕಿ, ಇನ್ನೊಂದು ಭಾಗಕ್ಕೆ ಹಾಕದೆ ಹೋಲಿಸಿ ನೋಡಿದ್ದರು. ಒಳ್ಳೆಯ ಬ್ರೇಕ್ ಇದ್ದ ಟ್ಯಾಕ್ಸಿಗಳ ಅಪಘಾತ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಬ್ರೇಕನ್ನು ನೆಚ್ಚಿಕೊಂಡ ಚಾಲಕರು ಇನ್ನಷ್ಟು ಬಿರುಸಾಗಿ ಓಡಿಸತೊಡಗಿದ್ದರು. ಬ್ರೇಕಿನ ವಿಷಯದಲ್ಲೇ ಹೀಗಾದರೆ ಪಿಕಪ್ಪಿನ ವಿಷಯ ಹೇಳುವುದೇ ಬೇಡ.

ಕಾಡಂಚಿಗೆ ಬಂದರೆ ಚಿತ್ರ ಇನ್ನೂ ಸ್ಪಷ್ಟ. ಎಚ್.ಡಿ. ಕೋಟೆಯಿಂದ ಅಂತರಸಂತೆ ಮಾರ್ಗವಾಗಿ ಬಾವಲಿಗೆ, ಅಲ್ಲಿಂದ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ ಆರರಿಂದ ಬೆಳಗಿನ ಆರರವರೆಗೆ ಬಂದ್. ಗೇಟು ಬೀಳುವ ಮುನ್ನ ಸೇರಬೇಕೆಂದು ಐದೂವರೆಗೆ ಧಾವಿಸುವವರಿಗೆ 4.4 ಸೆಕೆಂಡಿನ ಕಾರು ಸಿಕ್ಕರೆ ಕೇಳಬೇಕೆ? ಹುಣಸೂರು–ಗೋಣಿಕೊಪ್ಪ ರಸ್ತೆಯಲ್ಲಿ ಮತ್ತಿಗೋಡು ಆನೆ ಶಿಬಿರದ ಬಳಿ 2018ರ ಅಕ್ಟೋಬರಿನಲ್ಲಿ ರಂಗ ಎಂಬ ಆನೆ ಬಸ್ಸು ಡಿಕ್ಕಿ ಹೊಡೆದು ಸತ್ತಿತು. ಊರೂರು ಸುತ್ತಿ ರೌಡಿ ರಂಗನೆಂದು ಹೆಸರಾಗಿ, ಸೆರೆ ಸಿಕ್ಕಿ ಪಳಗಿದ್ದ ಆನೆ ಅದು. ಆ ದಿನ ಡಿಕ್ಕಿ ಹೊಡೆದದ್ದು ಐಷಾರಾಮಿ ಕಾರಲ್ಲ, ಬರೀ ಬಸ್ಸು. ಆ ರಸ್ತೆಯಲ್ಲಿ ಆನೆಯ ಜೀವ ತೆಗೆಯಲು ಬಸ್ಸಿನ ವೇಗವೇ ಸಾಕು.

ವೇಗದ ಹೋಲಿಕೆ ಹುಣಸೂರಿಗೆ ಹೊಸ ಸಂಗತಿಯೇನೂ ಅಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ರಾಸುಗಳಿಗೆ ಟಿಪ್ಪು ಸುಲ್ತಾನ ಅಮೃತ ಮಹಲ್ ಎಂದು ಹೆಸರಿಟ್ಟ. 1799ರ ನಂತರ ಅವು ಬ್ರಿಟಿಷ್ ಸೈನ್ಯದ ಕೈಗೆ ಹೋದವು. ಹುಣಸೂರು ಆ ಇಲಾಖೆಯ ಮುಖ್ಯ ನೆಲೆಯಾಗಿತ್ತು, ಸೈನ್ಯಕ್ಕೆ ಗಾಡಿ, ಚರ್ಮದ ಸಾಮಾನು ಮಾಡಿಕೊಡುವ ಕಾರ್ಖಾನೆಯೂ ಇಲ್ಲೇ ಇತ್ತು. ಫಿರಂಗಿ ಎಳೆಯುವ ಆ ಎತ್ತುಗಳಲ್ಲಿ ಯಾವುದು ಮೇಲು ಎಂದು ಸೈನ್ಯದವರು ನೋಡುತ್ತಿದ್ದದ್ದು ಮೊದಲ ನೂರು ಹೆಜ್ಜೆಯ ಚುರುಕನ್ನಲ್ಲ. ಭಾರ ಹೊತ್ತು ದಿನಗಟ್ಟಲೆ ಅದೇ ನಡಿಗೆಯನ್ನು ಕಾಯ್ದುಕೊಳ್ಳುವ ಕಸುವನ್ನು ನೋಡುತ್ತಿದ್ದರು. ಮಾಡಬೇಕಾದ ಕೆಲಸಕ್ಕೆ ತಕ್ಕ ಅಳತೆ ಅದು. ಕಾರುಗಳನ್ನು ತೂಗುವ ನಮ್ಮ ವಿಮರ್ಶಕರಲ್ಲಿ ಆ ವಿವೇಕ ಕಡಿಮೆ. ಖಾಲಿ ರನ್‌ವೇಯಲ್ಲಿ, ಲಾಂಚ್ ಕಂಟ್ರೋಲ್ ಒತ್ತಿ, ಸೊನ್ನೆಯಿಂದ ನೂರಕ್ಕೆ ಹಾರಿಸಿ ತೋರಿಸುವ ಆಟವನ್ನು ಯಾವ ಮಾಲೀಕನೂ ದಿನನಿತ್ಯ ಆಡುವುದಿಲ್ಲ, ಆಡಲೂಬಾರದು.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದ ದಿನವೇ ಮೈಸೂರು–ಕುಶಾಲನಗರ ನಾಲ್ಕು ಪಥದ ಹೆದ್ದಾರಿಗೂ ಶಂಕುಸ್ಥಾಪನೆಯಾಯಿತು. 92 ಕಿಲೋಮೀಟರ್, 4,130 ಕೋಟಿ ರೂಪಾಯಿಯ ಯೋಜನೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳ ನಡುವೆ ಹಾಯುವ ಆ ರಸ್ತೆ ತೆರೆದ ದಿನ, ಇಲ್ಲಿಯವರೆಗೆ ಗುಂಡಿ, ಹಂಪು, ಎಮ್ಮೆಗಳು ತಡೆದು ನಿಲ್ಲಿಸಿದ್ದ ಪಿಕಪ್ಪಿಗೆ ಮೊದಲ ಬಾರಿ ನೇರ ದಾರಿ ಸಿಗಲಿದೆ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಏನಾಯಿತು ಎಂಬುದು ಕಣ್ಣ ಮುಂದಿದೆ. ಮೊದಲು ರಸ್ತೆ ತೆರೆದರು, ಆಮೇಲೆ ಹೆಣ ಎಣಿಸಿದರು, ಅದಾದ ಮೇಲೆ ನಿಯಮ ಬಂತು. ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟದ್ದು 2023ರ ಆಗಸ್ಟ್ 1ರಿಂದ. ನೂರರ ಮಿತಿ ಇದ್ದರೂ ಕ್ಯಾಮೆರಾ ಕಣ್ಣಿಟ್ಟು ದಂಡ ಹಾಕತೊಡಗಿದ ಮೇಲೆಯೇ ಕಾಲು ಆ್ಯಕ್ಸಲರೇಟರಿನಿಂದ ಮೇಲೆದ್ದದ್ದು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಘೋಷಿಸಿದರು. ನಮ್ಮ ಜರ್ಮನ್ ಜೋಡಿಗೆ ನೂರರಿಂದ 130ಕ್ಕೆ ಹೋಗಲು ಇನ್ನೆರಡು ಮೂರು ಸೆಕೆಂಡು ಸಾಕು. ದಂಡದಿಂದ ಎಫ್‌ಐಆರ್‌ವರೆಗಿನ ದೂರ ಅಷ್ಟೇ!

ಇದು ಕೋಟ್ಯಧಿಪತಿಗಳ ಚಿಂತೆ, ನಮಗೇಕೆ ಎನ್ನುವವರೂ ಇದ್ದಾರೆ. ಅವರು ವಿದ್ಯುತ್ ಕಾರುಗಳ ಕಡೆ ನೋಡಲಿ. 2024ರ ನವೆಂಬರಿನಲ್ಲಿ ಮಹೀಂದ್ರ ಕಂಪನಿ ಬಿಇ 6 ಮತ್ತು ಎಕ್ಸ್‌ಇವಿ 9ಇ ಎಂಬ ಇನ್ನೊಂದು ಅವಳಿಯನ್ನು ತಂದಿತು. ದೊಡ್ಡ ಬ್ಯಾಟರಿಯ ಮಾದರಿಗಳು ನೂರು ಮುಟ್ಟಲು ತೆಗೆದುಕೊಳ್ಳುವುದು 6.7 ಮತ್ತು 6.8 ಸೆಕೆಂಡು, ಆರಂಭದಲ್ಲಿ ಬೆಲೆ ಮೂವತ್ತು ಲಕ್ಷದ ಆಸುಪಾಸಿನಲ್ಲಿತ್ತು. ಅದೇ ವರ್ಷ ಬಂದ ಚೀನಾದ ಬಿವೈಡಿ ಸೀಲ್‌ನ ಮೇಲಿನ ಮಾದರಿ 53 ಲಕ್ಷಕ್ಕೆ 3.8 ಸೆಕೆಂಡು ಕೊಟ್ಟು ಬಿಎಂಡಬ್ಲ್ಯು, ಆಡಿ ಎರಡನ್ನೂ ಹಿಂದೆ ಹಾಕಿತು. ವಿದ್ಯುತ್ ಮೋಟಾರಿಗೆ ಗೇರು ಬದಲಿಸುವ ಗೋಜಿಲ್ಲ, ಟಾರ್ಕ್ ಮೊದಲ ಕ್ಷಣದಿಂದಲೇ ಲಭ್ಯ, ಸದ್ದೂ ಇಲ್ಲ. ನಿನ್ನೆ ಶ್ರೀಮಂತನ ಆಟಿಕೆಯಾಗಿದ್ದ ಪಿಕಪ್ ನಾಳೆ ಶುಂಠಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷದಲ್ಲಿ ಹುಣಸೂರಿನ ಮನೆಯಂಗಳಕ್ಕೂ ಬರಲಿದೆ. ಬರಲಿ, ಅದರಲ್ಲಿ ತಪ್ಪಿಲ್ಲ.

ಆದರೆ ಓಡಿಸುವವರು ಯಾರು? ನಮ್ಮಲ್ಲಿ ಕಾರಿಗೆ ಇರುವುದು ಒಂದೇ ಲೈಸೆನ್ಸು. ನಲವತ್ತೇಳು ಅಶ್ವಶಕ್ತಿಯ ಆಲ್ಟೊದಲ್ಲಿ ಎಂಟು ಹಾಕಿ ತೋರಿಸಿದ ಹದಿನೆಂಟರ ಹುಡುಗ ಸಂಜೆಗೆ 374 ಅಶ್ವಶಕ್ತಿಯ ಕಾರನ್ನು ಕಾನೂನುಬದ್ಧವಾಗಿ ಓಡಿಸಬಹುದು. ಇಟಲಿಯಲ್ಲಿ ಹೊಸ ಲೈಸೆನ್ಸಿನವರು ಓಡಿಸುವ ಕಾರಿನ ಶಕ್ತಿಗೆ ಮಿತಿ ಇದೆ. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಹೊಸ ಚಾಲಕರು ಟನ್ನಿಗೆ 130 ಕಿಲೋವಾಟ್ ಮೀರಿದ ಕಾರನ್ನು ಮುಟ್ಟುವಂತಿಲ್ಲ. ಎಂ340ಐ, ಎಸ್5 ಎರಡೂ ಆ ಗೆರೆಯ ಆಚೆಯವು. ದಕ್ಷಿಣ ಆಸ್ಟ್ರೇಲಿಯಾ 2024ರ ಡಿಸೆಂಬರಿನಿಂದ ಅತಿ ಶಕ್ತಿಯ ಕಾರುಗಳಿಗೆ ಪ್ರತ್ಯೇಕ ಲೈಸೆನ್ಸೇ ಬೇಕೆಂದಿದೆ. ಇಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಇಬ್ಬರು ಎಂಜಿನಿಯರುಗಳ ಪ್ರಾಣ ತೆಗೆಯಿತು. ಆ ಕಾರು ಮಹಾರಾಷ್ಟ್ರಕ್ಕೆ ಹೋದದ್ದು ಬೆಂಗಳೂರಿನಿಂದ, ತಾತ್ಕಾಲಿಕ ನೋಂದಣಿಯ ಮೇಲೆ.

ಹಾಗಾಗಿ ಹೆದ್ದಾರಿ ಪ್ರಾಧಿಕಾರವೂ ಜಿಲ್ಲಾಡಳಿತವೂ ಮೈಸೂರು–ಕುಶಾಲನಗರ ಹೆದ್ದಾರಿಯ ವಿಷಯದಲ್ಲಿ, ರಸ್ತೆ ಮೊದಲು, ನಿಯಮ ಆಮೇಲೆ ಎಂಬ ಕ್ರಮವನ್ನು ತಿರುಗಿಸಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲ ಈಚೆ, ಬ್ಯಾರನ್ ಆಚೆ ಆಗುವ ಪ್ರತಿ ಊರಿಗೂ ಟ್ರ್ಯಾಕ್ಟರ್ ತಲೆ ಬಗ್ಗಿಸದೆ ಹೋಗುವ ಅಂಡರ್‌ಪಾಸ್, ಮುಗಿದ ಸರ್ವಿಸ್ ರಸ್ತೆ, ಜನ ದಾಟಲು ಮೇಲ್ಸೇತುವೆ, ಕ್ಯಾಮೆರಾ ಇವೆಲ್ಲ ರಿಬ್ಬನ್ ಕತ್ತರಿಸುವ ಮುನ್ನವೇ ಆಗಿರಬೇಕು. ಹರಾಜು ಮಾರುಕಟ್ಟೆಗೆ ಬರುವ ಟ್ರೈಲರುಗಳಿಗೆ ಅಲ್ಲೇ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಕಳಿಸುವುದು ತಂಬಾಕು ಮಂಡಳಿಗೂ ಪೊಲೀಸರಿಗೂ ಒಂದು ಬೆಳಗಿನ ಕೆಲಸ. ಹೊಸ ಲೈಸೆನ್ಸಿನವರಿಗೆ ಶಕ್ತಿಯ ಮಿತಿ ಹಾಕುವುದು ಕೇಂದ್ರದ ಕೈಯಲ್ಲಿರುವ ವಿಷಯ. ಸಂಸದರು ಅದನ್ನು ಎತ್ತಲಿ.

ಇನ್ನು ಕಾರು ಕೊಳ್ಳುವವರಿಗೆ ಒಂದು ಮಾತು. ಶೋರೂಮಿನ ಹುಡುಗ 4.4 ಎಂದಾಗ, ನೂರರ ವೇಗದಿಂದ ಪೂರ್ತಿ ನಿಲ್ಲಲು ಎಷ್ಟು ಮೀಟರ್ ಬೇಕು ಎಂದು ಕೇಳಿ. ಒಳ್ಳೆಯ ಕಾರಿಗೆ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು ನಲವತ್ತು ಮೀಟರ್ ಬೇಕು. ಬ್ರೇಕಿಗೆ ಕಾಲು ಹೋಗುವ ಮುನ್ನ ಕಳೆಯುವ ಒಂದು ಸೆಕೆಂಡಿನಲ್ಲಿ ಇನ್ನೂ ಇಪ್ಪತ್ತೆಂಟು ಮೀಟರ್ ಹೋಗಿರುತ್ತದೆ. 4.4ರಂಥ ಅಂಕಿಯನ್ನು ಕಂಪನಿಗಳು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತವೆ. ನಿಲ್ಲಲು ಬೇಕಾದ ದೂರ ಬ್ರೋಷರಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.